ಷರಾ ಓದುವ ಬಾಗಿಲಕ್ಕ

ಬೆಳಗಿನ ಆರೂವರೆ. ಕಚೇರಿಯ ಎರಡನೇ ಮಹಡಿಯಲ್ಲಿ ಒಂದೇ ಒಂದು ದೀಪ ಉರಿಯುತ್ತಿದೆ. ಅಧಿಕಾರಿಯ ಮೇಜು ಒರೆಸಿ, ಒಣಗಿದ ಸ್ಟಾಂಪ್ ಪ್ಯಾಡಿಗೆ ಎರಡು ಹನಿ ಶಾಯಿ ಬಿಟ್ಟು, ನಿನ್ನೆ ಸಂಜೆ ಸಹಿಯಾದ ಕಡತಗಳನ್ನು ಆ ಹೆಂಗಸು ಒಂದೊಂದಾಗಿ ತೆರೆಯುತ್ತಿದ್ದಾರೆ. ಕನ್ನಡಕ ಮೂಗಿನ ತುದಿಗೆ ಜಾರಿದೆ. ಪುಟದ ಎಡ ಅಂಚಿನಲ್ಲಿ ಅಧಿಕಾರಿ ಬರೆದ ಒಂದೆರಡು ಪದಗಳ ಮೇಲೆ ಬೆರಳಿಟ್ಟು ತುಟಿ ಅಲ್ಲಾಡಿಸಿ ಓದುತ್ತಾರೆ. ಆ ಪದಗಳಿಗೆ ಕಚೇರಿಯಲ್ಲಿ ‘ಷರಾ’ ಎಂದು ಹೆಸರು. ಷರಾ ನೋಡಿ ಕಡತಗಳನ್ನು ಮೂರು ಗುಂಪು ಮಾಡುತ್ತಾರೆ.

“ಇದು ಮೇಲಕ್ಕೆ ಹೋಗೋದು, ಇದು ಕೆಳಕ್ಕೆ, ಇದು ಪಾಪ, ಇದ್ದಲ್ಲೇ ಇರೋದು” ಎಂದು ಮೂರನೆಯ ಗುಂಪಿನ ಬೆನ್ನು ತಟ್ಟುತ್ತಾರೆ.

ಅಧಿಕಾರಿಯ ಕೋಣೆಯ ಹೊರಗೆ ಸ್ಟೂಲಿನ ಮೇಲೆ ಕೂರುವ ಇವರನ್ನು ಎಲ್ಲರೂ ಕರೆಯುವುದು ಬಾಗಿಲಕ್ಕ ಎಂದೇ. ವಯಸ್ಸು ಐವತ್ತೊಂಬತ್ತು, ನಿವೃತ್ತಿಗೆ ಇನ್ನು ನಾಲ್ಕು ತಿಂಗಳು. ಈ ಕಚೇರಿಗೆ ಏನನ್ನಾದರೂ ಕಟ್ಟಲು, ತೆರೆಯಲು, ಅಗೆಯಲು, ನಡೆಸಲು ಅಪ್ಪಣೆ ಕೇಳಿ ಜನ ಬರುತ್ತಾರೆ. ದಿನಕ್ಕೆ ಅರವತ್ತರಿಂದ ಎಂಬತ್ತು ಕಡತ ಇವರ ಕೈ ದಾಟುತ್ತವೆ, ಮೆಟ್ಟಿಲು ಹತ್ತಿ ಇಳಿಯುವುದು ಹದಿನೈದು ಸಲವಾದರೂ ಆಗುತ್ತದೆ. “ಲಿಫ್ಟ್ ಇದೆ. ಅದಕ್ಕೆ ರಿಪೇರಿ ಮಂಜೂರಾಗಿಲ್ಲ, ಅಷ್ಟೆ.”

ಇಪ್ಪತ್ತೆರಡು ವರ್ಷದ ಹಿಂದೆ ಇದೇ ಸ್ಟೂಲಿನ ಮೇಲಿದ್ದ ಗಂಡ ತೀರಿಕೊಂಡಾಗ ಅನುಕಂಪದ ಆಧಾರದ ಮೇಲೆ ಕೆಲಸ ಸಿಕ್ಕಿತು. ಆಗ ಅವರಿಗೆ ಬರುತ್ತಿದ್ದದ್ದು ತಮ್ಮ ಹೆಸರಿನ ಸಹಿ ಮಾತ್ರ. ಎರಡನೇ ವರ್ಷ ಒಬ್ಬ ವೆಲ್ಡಿಂಗ್ ಅಂಗಡಿಯವರು ಅಂಗಡಿಯ ಮೇಲೆ ಕೋಣೆ ಕಟ್ಟಲು ಅನುಮತಿ ಕೇಳಿ ವಾರಗಟ್ಟಲೆ ಓಡಾಡಿದ್ದರು. ಒಂದು ದಿನ ಅವರ ಕಡತ ಹಸಿರು ಶಾಯಿಯ ಸಹಿ ಹೊತ್ತು ಹೊರಗೆ ಬಂತು. ಬಾಗಿಲಕ್ಕ ಖುಷಿಯಿಂದ ಹೇಳಿಬಿಟ್ಟರು: “ಅಣ್ಣಾ, ಸಾಹೇಬ್ರು ಸಹಿ ಹಾಕಿದ್ರು!”

ಅವರು ಆ ವಾರವೇ ಅಂಗಡಿಯ ಸೂರಿನ ತಗಡು ಬಿಚ್ಚಿಸಿದರು. ಆದರೆ ಸಹಿಯ ಮೇಲಿದ್ದ ಪದ ‘ನೋಡಿದೆ’. ಅಂದರೆ ಅಧಿಕಾರಿ ಕಾಗದ ಕಂಡಿದ್ದಾರೆ, ಅಷ್ಟೇ. ನಿಜವಾದ ಅನುಮತಿ ಬರುವ ಹೊತ್ತಿಗೆ ಮೂರು ತಿಂಗಳು ಕಳೆದು, ಸೂರಿಲ್ಲದ ಅಂಗಡಿಯ ಯಂತ್ರಗಳೆಲ್ಲ ತುಕ್ಕು ಹಿಡಿದಿದ್ದವು.

“ಬೈದಿದ್ರೆ ಚೆನ್ನಾಗಿತ್ತು. ಆತ ‘ಬಿಡಮ್ಮ, ನೀನೇನು ಓದಿದವಳಾ’ ಅಂದ್ಬಿಟ್ಟ. ಅದು ಕರುಳಿಗೆ ಚುಚ್ಚಿತು” ಎನ್ನುತ್ತಾರೆ. ಮರುದಿನದಿಂದ ಬೆಳಿಗ್ಗೆ ಬೇಗ ಬಂದು ಷರಾಗಳನ್ನೇ ಪಾಠ ಮಾಡಿಕೊಂಡು ಓದಲು ಕಲಿತರು. ಜನ ಕೋಣೆಗೆ ನುಗ್ಗಿ ಕೇಳುವುದು ತಪ್ಪಲಿ ಎಂದು, ಬಂದವರಿಗೆ ತಿಳಿಸಿ ಹೇಳುವ ಕೆಲಸವನ್ನು ಆಗಿನ ಅಧಿಕಾರಿಯೇ ಇವರಿಗೆ ವಹಿಸಿದರು. ಅಲ್ಲಿಂದ ಒಂಬತ್ತು ಅಧಿಕಾರಿಗಳು ಬದಲಾದರು, ವ್ಯವಸ್ಥೆ ಬದಲಾಗಲಿಲ್ಲ.

ಪದಗಳ ಬಗ್ಗೆ ಕೇಳಿದರೆ ಬಾಗಿಲಕ್ಕ ಚುರುಕಾಗುತ್ತಾರೆ. “ಮಂಜೂರು ಅಂದ್ರೆ ಕೈಗೆ ಏನೋ ಬರುತ್ತೆ: ರಜೆ, ಪಿಂಚಣಿ, ಸೈಟು. ಅನುಮತಿ ಅಂದ್ರೆ ಕೈಗೆ ಏನೂ ಬರಲ್ಲ, ನೀನು ಮಾಡೋದಕ್ಕೆ ನಾವು ಅಡ್ಡ ಬರಲ್ಲ ಅಂತ. ಪರವಾನಗಿ ಗೋಡೆಗೆ ತಗುಲಿಹಾಕೋ ಕಾಗದ. ಅದಕ್ಕೆ ಕೊನೇ ದಿನ ಇರುತ್ತೆ, ಅದನ್ನ ಮೊದಲು ನೋಡ್ಬೇಕು.” ‘ಅಭ್ಯಂತರವಿಲ್ಲ’ ಎಂದರೆ? “ನಮ್ಮದೇನೂ ತಕರಾರಿಲ್ಲ, ಪಕ್ಕದ ಕಚೇರಿಯವರನ್ನ ಕೇಳ್ಕೋ ಅಂತ. ಬೀಗರ ಮನೇಲಿ ‘ನಮ್ಮದೇನಿದೆ, ಎಲ್ಲಾ ಹುಡುಗಿ ಇಷ್ಟ’ ಅಂತಾರಲ್ಲ, ಹಾಗೆ.” ‘ಚರ್ಚಿಸಿ’ ಎಂದರೆ ಒಂದು ವಾರ, ‘ನಿಯಮಾನುಸಾರ ಪರಿಶೀಲಿಸಿ’ ಎಂದರೆ ಒಂದು ತಿಂಗಳು ಎಂಬುದು ಅವರ ಲೆಕ್ಕ. ಯಾವ ಪದವಿದ್ದರೂ, ಕೆಳಮಹಡಿಯ ರವಾನೆ ಪುಸ್ತಕದಲ್ಲಿ ಆದೇಶಕ್ಕೆ ಸಂಖ್ಯೆ ಬೀಳುವ ತನಕ ‘ಆಯ್ತು’ ಎಂದು ಯಾರನ್ನೂ ಮನೆಗೆ ಕಳಿಸುವುದಿಲ್ಲ.

ಇವತ್ತು ಹತ್ತು ಗಂಟೆಗೇ ಎದುರಿನ ಬೆಂಚಿನಲ್ಲಿ ಒಬ್ಬರು ಟೀಚರ್ ಬಂದು ಕೂತಿದ್ದಾರೆ. ಆಸ್ಪತ್ರೆಯಲ್ಲೂ ಕಾರ್ಖಾನೆಯಲ್ಲೂ ಪಾಳಿ ಮಾಡುವ ತಾಯಂದಿರ ಹದಿನಾಲ್ಕು ಪುಟ್ಟ ಮಕ್ಕಳನ್ನು ಎರಡು ಕೋಣೆಯಲ್ಲಿ ನೋಡಿಕೊಳ್ಳುವವರು. ನಾಳೆ ಬೆಳಿಗ್ಗೆಯೊಳಗೆ ಪರವಾನಗಿ ತೋರಿಸದಿದ್ದರೆ ಬಾಗಿಲಿಗೆ ಬೀಗ ಎಂದು ನೋಟಿಸು ಬಂದಿದೆ.

ಮಧ್ಯಾಹ್ನ ಮೂರಕ್ಕೆ ಅವರ ಕಡತ ಹೊರಬರುತ್ತದೆ. “ಏನಂತೆ ಅಕ್ಕಾ?” ಟೀಚರ್ ಎದ್ದು ನಿಲ್ಲುತ್ತಾರೆ.

“ತಾತ್ವಿಕವಾಗಿ ಒಪ್ಪಿದೆ. ಅಗ್ನಿಶಾಮಕ ವರದಿ ಇಟ್ಟು ಆದೇಶದ ಕರಡು ಮಂಡಿಸಿ” ಎಂದು ಬಾಗಿಲಕ್ಕ ಓದುತ್ತಾರೆ. ಟೀಚರಿಗೆ ‘ಒಪ್ಪಿದೆ’ಯಿಂದ ಮುಂದಿನದು ಕೇಳಿಸಿಲ್ಲ. ಆಗಲೇ ಮೊಬೈಲು ಕಿವಿಗೆ ಹೋಗಿದೆ.

“ಫೋನ್ ಕೆಳಗಿಡು ತಾಯಿ. ಮನಸ್ಸು ಒಪ್ಪಿದೆ, ಕಾಗದ ಇನ್ನೂ ಒಪ್ಪಿಲ್ಲ. ಇದನ್ನ ತೋರಿಸಿದ್ರೆ ಬೀಗ ಹಾಕೋರು ನಕ್ಕು ಬೀಗ ಹಾಕ್ತಾರೆ.”

“ಆ ವರದಿ ಕೊಟ್ಟಾಯ್ತಲ್ಲ ಅಕ್ಕಾ!” ಟೀಚರ್ ಫೋನು ಕೆಳಗಿಳಿಸುತ್ತಾರೆ.

ಕೊಟ್ಟಿದ್ದು ನಿಜ. ಮೊನ್ನೆ ಟಪಾಲಿನಲ್ಲಿ ಬಂದ ಅದನ್ನು ಮೇಲಕ್ಕೆ ಹೊತ್ತು ತಂದವರು ಬಾಗಿಲಕ್ಕನೇ. ಆದರೆ ಯಾರೂ ಅದನ್ನು ಕಡತಕ್ಕೆ ಪೋಣಿಸಿಲ್ಲ. ಅವರು ಸೀದಾ ಗುಮಾಸ್ತರ ಕಪಾಟಿನ ಮುಂದೆ ಹೋಗಿ ನಿಲ್ಲುತ್ತಾರೆ.

“ನಾಳೆ ನೋಡೋಣ ಅಕ್ಕಾ, ಸಾಕಾಗಿದೆ” ಎನ್ನುತ್ತಾರೆ ಗುಮಾಸ್ತರು.

“ನಿಮ್ಮ ನಾಳೆ ಹತ್ತೂವರೆಗೆ ಶುರುವಾಗುತ್ತೆ ಸ್ವಾಮಿ. ಬೀಗದವರ ನಾಳೆ ಏಳಕ್ಕೇ. ಎಡಗಡೆ ಮೂರನೇ ಕಟ್ಟು ತೆಗೀರಿ, ನೀಲಿ ಲಕೋಟೆ.”

“ನಿವೃತ್ತಿ ಹತ್ರ ಬಂದಷ್ಟೂ ನೀವೇ ನಮಗೆ ಸಾಹೇಬ್ರು” ಎಂದು ಗೊಣಗುತ್ತಲೇ ಗುಮಾಸ್ತರು ಲಕೋಟೆ ಹುಡುಕಿ ಕರಡು ಟೈಪು ಮಾಡುತ್ತಾರೆ. ನಾಲ್ಕು ಐವತ್ತಕ್ಕೆ ಅಧಿಕಾರಿಯ ಸಹಿ. ರವಾನೆ ವಿಭಾಗದವರು ಊಟದ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಳ್ಳುತ್ತಿರುವಾಗ ಬಾಗಿಲಕ್ಕ ಏದುಸಿರು ಬಿಡುತ್ತ ಇಳಿದು ಬರುತ್ತಾರೆ, ಹಿಂದೆಯೇ ಟೀಚರ್. ಪುಸ್ತಕ ಮತ್ತೆ ತೆರೆಯುತ್ತದೆ. ಸಂಖ್ಯೆ ಬೀಳುತ್ತದೆ, ದಿನಾಂಕ ಬೀಳುತ್ತದೆ, ದುಂಡು ಮೊಹರು ಬೀಳುತ್ತದೆ.

ಟೀಚರ್ ಕಾಗದವನ್ನು ಎದೆಗೊತ್ತಿಕೊಂಡು ಹೊರಟರೆ ಬಾಗಿಲಕ್ಕ ಬಿಡುವುದಿಲ್ಲ. ಷರತ್ತುಗಳನ್ನು ಅವರಿಂದಲೇ ಓದಿಸುತ್ತಾರೆ. ಒಂದು ವರ್ಷದ ಅವಧಿ. ಹದಿನೈದಕ್ಕಿಂತ ಹೆಚ್ಚು ಮಕ್ಕಳು ಕೂಡದು. ಹಿಂಬಾಗಿಲಿಗೆ ಅಡ್ಡವಾಗಿ ಏನೂ ಇಡುವಂತಿಲ್ಲ. “ಅಲ್ಲೇನಿದೆ ಈಗ?” ಎಂದು ಕೇಳುತ್ತಾರೆ. ಟೀಚರ್ ತಲೆ ತಗ್ಗಿಸಿ, “ಮಕ್ಕಳ ಹಾಸಿಗೆ ಸುತ್ತಿಟ್ಟಿದ್ದೀನಿ” ಎನ್ನುತ್ತಾರೆ. “ಇವತ್ತೇ ತೆಗಿ.” ಟೀಚರ್ ಹೂಂಗುಟ್ಟಿ, ಗೇಟಿನತ್ತ ನಡೆಯುತ್ತಲೇ ತಾಯಂದಿರಿಗೆ ಒಬ್ಬೊಬ್ಬರಿಗೇ ಫೋನು ಹಚ್ಚುತ್ತಾರೆ: “ನಾಳೆ ಬೆಳಿಗ್ಗೆ ಕರ್ಕೊಂಡು ಬನ್ನಿ, ಎಂದಿನ ಹಾಗೆ.”

ಕಾರಿಡಾರು ಖಾಲಿಯಾಗಿದೆ. ಬಾಗಿಲಕ್ಕ ಕಿಟಕಿ ಮುಚ್ಚುತ್ತಿದ್ದಾರೆ. ನಿವೃತ್ತಿಯಾದ ಮೇಲೆ ಏನು ಮಾಡುತ್ತೀರಿ ಎಂದರೆ ಚಿಲಕ ಹಾಕಿ ಇತ್ತ ತಿರುಗುತ್ತಾರೆ.

“ಎಷ್ಟೋ ಮನೆ, ಅಂಗಡಿ, ಬಾವಿ, ಶಾಲೆ, ಎಲ್ಲಾ ಈ ಕೈಯಲ್ಲಿ ಹೊತ್ತು ಮೆಟ್ಟಿಲು ಹತ್ತಿದ್ದೀನಿ. ಒಂದನ್ನೂ ಕಣ್ಣಲ್ಲಿ ನೋಡಿಲ್ಲ. ಕೆಲಸ ಬಿಟ್ಟ ಮೇಲೆ ಬೀದಿ ಬೀದಿ ಸುತ್ತಿ ನೋಡ್ಬೇಕು ಅಂತ ಆಸೆ” ಎನ್ನುತ್ತಾರೆ. “ಮೊದಲು ಆ ಮಕ್ಕಳು ಮಲಗೋ ಹೊತ್ತಿಗೆ ಹೋಗ್ತೀನಿ. ಸದ್ದು ಮಾಡಲ್ಲ, ಬಾಗಿಲ ಹತ್ರಾನೇ ನಿಂತು ನೋಡಿ ಬರ್ತೀನಿ.”