ಧ್ವನಿ ತಾನಾಗಿ ನಿಲ್ಲಲಿಲ್ಲ

ಮಲೇಷ್ಯಾದ ಪೆಟಾಲಿಂಗ್ ಜಯಾದಲ್ಲಿ ಕಾಲೇಜಿಗೆ ಸೇರಿದ ಮೊದಲ ವಾರ, ಸಹೋದ್ಯೋಗಿ ರೊಹಾನಿ ಜೆರಾಕ್ಸ್ ಯಂತ್ರದ ಮೇಲೆ ಪಾಸ್‌ಪೋರ್ಟ್ ಮರೆತು ಹೋಗಿದ್ದರು. ಯಾರದೆಂದು ನೋಡಲು ತೆರೆದೆ. ಇಸ್ರೇಲ್ ಒಂದನ್ನು ಬಿಟ್ಟು ಉಳಿದೆಲ್ಲ ದೇಶಗಳಿಗೂ ಇದು ಸಲ್ಲುತ್ತದೆ ಎಂದು ಅದರಲ್ಲಿ ಅಚ್ಚಾಗಿತ್ತು. ಉಡುಪಿಯಲ್ಲಿ ಹನ್ನೊಂದು ವರ್ಷ ರಾಜ್ಯಶಾಸ್ತ್ರ ಪಾಠ ಮಾಡಿದವಳು ನಾನು. ಅಲ್ಲಿ ಇಸ್ರೇಲ್–ಪ್ಯಾಲೆಸ್ಟೀನ್ ಹತ್ತು ಅಂಕದ ಪ್ರಶ್ನೆ: 'ಅಂತರರಾಷ್ಟ್ರೀಯ ಸಂಸ್ಥೆಗಳ ಪಾತ್ರವನ್ನು ವಿವರಿಸಿ.' ಇಲ್ಲಿ ಅದು ಜನರ ಜೇಬಿನಲ್ಲಿತ್ತು.

ನನ್ನ ಗಂಡ ಸುಧೀರನಿಗೆ ಇಲ್ಲಿನ ವೈದ್ಯಕೀಯ ಕಾಲೇಜಿನಲ್ಲಿ ಕೆಲಸ ಸಿಕ್ಕಿದ್ದರಿಂದ ನಾವು ಬಂದದ್ದು. ಮನೆ ಹುಡುಕುವಾಗ ಫೋನಿನಲ್ಲಿ "ಖಾಲಿ ಇದೆ" ಎಂದವರು, "ಇಂಡಿಯನ್ನಾ?" ಎಂದು ಕೇಳಿ ಇಟ್ಟುಬಿಡುತ್ತಿದ್ದರು. ಊರಿನಲ್ಲಿ ಮಾವನ ಮನೆಯ ಮಹಡಿ ಬಾಡಿಗೆಗೆ ಕೊಡುವಾಗ ನಾವೂ ಹೆಸರು ಕೇಳಿದ ಮೇಲೆಯೇ ಇದೆ, ಇಲ್ಲ ಎನ್ನುತ್ತಿದ್ದೆವು. ಆಗ ಅದರಲ್ಲಿ ನಾಚಿಕೆಪಡುವಂಥದ್ದು ಕಂಡಿರಲಿಲ್ಲ. ಏಳನೆಯ ಮನೆ ತಮಿಳು ಆಂಟಿಯೊಬ್ಬರದು, ಅವರು ಒಪ್ಪಿದರು. ತಮಿಳು ಮುಸ್ಲಿಮರು ನಡೆಸುವ ಮಾಮಕ್ ಹೋಟೆಲಿನಲ್ಲಿ 'ತೆಹ್ ಓ ಕೊಸೊಂಗ್' ಎಂದು ತಪ್ಪಿಲ್ಲದೆ ಹೇಳಿ, ಹಾಲು ಸಕ್ಕರೆ ಎರಡೂ ಇಲ್ಲದ ಚಹಾ ಪಡೆದ ದಿನ ನನಗೇ ಹೆಮ್ಮೆಯಾಯಿತು. ಮಗಳು ಅನ್ವಿ ಆರೇ ತಿಂಗಳಲ್ಲಿ ಇಲ್ಲಿನವರ ಹಾಗೆ ಮಾತಿನ ಕೊನೆಗೆ 'ಲಾ' ಸೇರಿಸತೊಡಗಿದಳು. ನಾನು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ.

ಅಷ್ಟರಲ್ಲಿ ಕೊರೊನಾ ಬಂತು. ಎರಡನೆಯ ವರ್ಷದ ಹರಿ ರಾಯಾ, ಅಂದರೆ ಇಲ್ಲಿನ ಈದ್ ಹಬ್ಬದ ಹೊತ್ತಿಗೆ ಊರಿಗೆ ವಿಮಾನಗಳಿರಲಿಲ್ಲ. ಊರಿನಿಂದ ಬರುತ್ತಿದ್ದದ್ದು ಸಾವಿನ ಸುದ್ದಿಗಳೇ. ಅದೇ ವಾರ ಗಾಜಾದ ಮೇಲೆ ಬಾಂಬು ಬೀಳತೊಡಗಿತ್ತು. ನಾನು ಮನೆಯ ಊಟದ ಮೇಜಿನಿಂದಲೇ ಆನ್‌ಲೈನಿನಲ್ಲಿ ಅಂತರರಾಷ್ಟ್ರೀಯ ಸಂಸ್ಥೆಗಳ ಪಾಠ ಮಾಡುತ್ತಿದ್ದೆ. ವಿದ್ಯಾರ್ಥಿಗಳು ಒಂದೊಂದು ದೇಶವಾಗಿ ಕೂತು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಅಣಕು ಸಭೆ ನಡೆಸಬೇಕು, ವಿಷಯ ಕದನವಿರಾಮ ಎಂದು ಪ್ರಕಟಿಸಿದೆ. ಸುದ್ದಿಯಲ್ಲಿರುವ ವಿಷಯವಾದರೆ ಮಕ್ಕಳಿಗೆ ಆಸಕ್ತಿ ಹುಟ್ಟುತ್ತದೆ ಎಂಬುದಷ್ಟೇ ನನ್ನ ಲೆಕ್ಕ.

ತರಗತಿಯಲ್ಲಿ ಹನೀನ್ ಇದ್ದಳು. ಗಾಜಾದ ಹುಡುಗಿ, ಇಪ್ಪತ್ತರ ವಯಸ್ಸು, ಹಾಸ್ಟೆಲಿನಲ್ಲಿ ಒಬ್ಬಳೇ. ಫೋನ್ ಮಾಡಿ ಕೇಳಿದಳು.

"ಮಿಸ್, ಸಭೆಯಲ್ಲಿ ನನಗೆ ನಮ್ಮ ಪ್ಯಾಲೆಸ್ಟೀನಿನ ಜಾಗವನ್ನೇ ಕೊಡ್ತೀರಾ?"

"ಕೊಡ್ತೇನೆ. ಆದರೆ ಅದು ವೀಕ್ಷಕ ಸ್ಥಾನ. ಮಾತಾಡಬಹುದು, ಮತ ಹಾಕುವ ಹಾಗಿಲ್ಲ. ನಿಯಮ ಹಾಗೇ ಇರೋದು."

"ಗೊತ್ತು ಮಿಸ್," ಎಂದಳು. ಅವಳಿಗೆ ಗೊತ್ತಿರದೆ ಇನ್ನಾರಿಗೆ ಗೊತ್ತಿರಬೇಕು ಎಂದು ನನಗೆ ಹೊಳೆಯಲಿಲ್ಲ.

ಎಲ್ಲರಿಗೂ ಎರಡೆರಡು ನಿಮಿಷ. ಹನೀನ್ ಮೊದಲು ಬರೆದುಕೊಂಡದ್ದನ್ನು ಓದಿದಳು. ಆಮೇಲೆ ಹಾಳೆ ಪಕ್ಕಕ್ಕಿಟ್ಟು ಕ್ಯಾಮೆರಾ ನೋಡಿದಳು. "ನಮ್ಮಜ್ಜಿ ಈಗ ಒಂದು ಶಾಲೆಯಲ್ಲಿದ್ದಾರೆ. ಅದರ ಮೇಲೆ ವಿಶ್ವಸಂಸ್ಥೆಯ ನೀಲಿ ಬಾವುಟ ಇದೆ. ಆ ಬಾವುಟದ ಕೆಳಗಿದ್ರೆ ಏನೂ ಆಗಲ್ಲ ಅಂತ ಹೇಳ್ತಾರೆ. ನಿನ್ನೆಯಿಂದ ಅವರ ಫೋನು..."

ಎರಡು ನಿಮಿಷ ದಾಟಿ ಹತ್ತು ಸೆಕೆಂಡಾಗಿತ್ತು. ನಾನು ಅವಳ ಧ್ವನಿ ಬಂದ್ ಮಾಡಿದೆ. "ಸಮಯ ಮುಗಿದಿದೆ. ಮುಂದಿನ ದೇಶ," ಎಂದೆ. ಪರದೆಯ ಮೇಲೆ ಅವಳ ತುಟಿ ಇನ್ನೂ ಸ್ವಲ್ಪ ಹೊತ್ತು ಆಡುತ್ತಿತ್ತು.

ಮತಕ್ಕೆ ಹಾಕಿದಾಗ ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಕದನವಿರಾಮದ ಪರ. ಆ ಒಬ್ಬನಿಗೆ ವೀಟೊ, ಅಂದರೆ ನಿರ್ಣಯ ತಡೆಯುವ ಅಧಿಕಾರವಿದ್ದ ದೇಶ ಬಂದಿತ್ತು. "ಇಲ್ಲ," ಎಂದು ಗತ್ತಿನಿಂದ ಹೇಳಿದ. ನಿರ್ಣಯ ಬಿದ್ದುಹೋಯಿತು. ಎಲ್ಲರೂ ನಕ್ಕರು, ನಾನೂ ನಕ್ಕೆ. "ನಿಜವಾದ ಸಭೆಯ ಹಾಗೇ ನಡೆಸಿದಿರಿ," ಎಂದು ಮೆಚ್ಚಿ ಹೇಳಿದ ಮೇಲೆ ನೋಡಿದರೆ ಹನೀನಳ ಚೌಕ ಪರದೆಯ ಮೇಲಿರಲಿಲ್ಲ.

ಊಟಕ್ಕೆ ಕೂತಾಗ ಸುಧೀರನಿಗೆ ಹೇಳಿದೆ. "ಎಂತ ಮಾರಾಯ್ತಿ, ಎಲ್ಲರಿಗೂ ಎರಡು ನಿಮಿಷ ಅಂದ್ರೆ ಅವಳಿಗೂ ಅಷ್ಟೇ ಅಲ್ವಾ?" ಎಂದ. ಅನ್ವಿ ಮಾತ್ರ ತಟ್ಟೆಯಿಂದ ತಲೆಯೆತ್ತಿ, "ಅಮ್ಮಾ, ಯು ಮ್ಯೂಟೆಡ್ ಹರ್?" ಎಂದಳು.

ಅರ್ಧಕ್ಕೆ ಎದ್ದುಹೋದವರನ್ನು ಕಾಲೇಜಿನ ವ್ಯವಸ್ಥೆ ತಾನೇ ಗೈರು ಎಂದು ಗುರುತಿಸುತ್ತಿತ್ತು. ಹನೀನಳಿಗೆ ಆ ತಿಂಗಳು ಆಗಲೇ ಎರಡು ಗೈರು. ಮೂರನೆಯದಕ್ಕೆ ಎಚ್ಚರಿಕೆಯ ಪತ್ರ ಹೋಯಿತು: ಹಾಜರಾತಿ ಸರಿಯಿಲ್ಲದಿದ್ದರೆ ವಿದ್ಯಾರ್ಥಿ ಪಾಸು ನವೀಕರಣವಾಗದು. ಪಾಸು ಇಲ್ಲದಿದ್ದರೆ ಅವಳು ದೇಶ ಬಿಡಬೇಕು. ಬಿಟ್ಟು ಹೋಗುವುದೆಲ್ಲಿಗೆ? ಅವಳ ಊರಿನ ಗಡಿ ಮುಚ್ಚಿತ್ತು.

ನಾನೊಂದು ಪತ್ರ ಬರೆದರೆ ಸರಿಯಾಗುತ್ತಿತ್ತು. ಆದರೆ ನನ್ನ ಕೆಲಸದ ಒಪ್ಪಂದದ ನವೀಕರಣದ ಕಾಗದ ಅದೇ ವಾರ ಮುಖ್ಯಸ್ಥರ ಮೇಜಿನ ಮೇಲಿತ್ತು. ನಾಲ್ಕು ದಿನ ಸುಮ್ಮನಿದ್ದೆ. ಐದನೆಯ ದಿನ ಬರೆದದ್ದು ಇದು: 'ತಾಂತ್ರಿಕ ಕಾರಣದಿಂದ ವಿದ್ಯಾರ್ಥಿನಿಯ ಧ್ವನಿ ಕಡಿತಗೊಂಡು, ಆಕೆ ಸಭೆಯಿಂದ ಹೊರಗುಳಿಯುವಂತಾಯಿತು. ಇದಕ್ಕೆ ವಿಷಾದಿಸಲಾಗಿದೆ.'

ಇಂಥ ವಾಕ್ಯಗಳು ನನಗೆ ಹೊಸವಲ್ಲ. 'ತೀವ್ರ ಕಳವಳ ವ್ಯಕ್ತಪಡಿಸಲಾಯಿತು', 'ಜೀವಹಾನಿ ಸಂಭವಿಸಿದೆ' ಎಂಬ ಹೇಳಿಕೆಗಳನ್ನು ವರ್ಷಗಟ್ಟಲೆ ತರಗತಿಯಲ್ಲಿ ಓದಿಸಿದ್ದೆ. ಅವುಗಳಲ್ಲಿ ಸಾಯುವವರಿರುತ್ತಾರೆ, ಕೊಂದವರಿರುವುದಿಲ್ಲ ಎಂದು ವಿದ್ಯಾರ್ಥಿಗಳಿಗೆ ತೋರಿಸಿಕೊಟ್ಟವಳೂ ನಾನೇ.

ಪತ್ರದ ಪ್ರತಿ ಹನೀನಳಿಗೂ ಹೋಗಿತ್ತು. ಮರುದಿನ ಮಧ್ಯಾಹ್ನ ಫೋನ್ ಮಾಡಿದಳು.

"ಥ್ಯಾಂಕ್ಯೂ ಮಿಸ್. ಪಾಸಿಗೆ ತೊಂದರೆ ಇಲ್ಲ ಅಂದ್ರು. ಒಂದು ಕೇಳ್ಲಾ? ಧ್ವನಿ ತಾನಾಗಿ ನಿಂತಿತಾ?"

"ಇಲ್ಲ," ಎಂದೆ. "ನಾನೇ ನಿಲ್ಲಿಸಿದೆ."

"ನಮ್ಮ ಬಗ್ಗೆ ಬರೋ ಕಾಗದಗಳೆಲ್ಲ ಹೀಗೇ ಇರ್ತವೆ ಮಿಸ್. ಅಜ್ಜಿ ಹತ್ರ ಒಂದು ಪೆಟ್ಟಿಗೆ ತುಂಬ ಇವೆ."

"ಅಜ್ಜಿ ಹೇಗಿದ್ದಾರೆ?"

"ಇದ್ದಾರೆ. ಕರೆಂಟ್ ಇರಲಿಲ್ಲ, ಫೋನ್ ಆಫ್ ಆಗಿತ್ತು." ಆಮೇಲೆ, ಸಿಟ್ಟಿಲ್ಲದೆ: "ನೀವು ಕೇಳಿದ್ದು ಈಗ."

ಫೋನ್ ಇಟ್ಟ ಮೇಲೆ ಮುಖ್ಯಸ್ಥರಿಗೆ ಎರಡನೆಯ ಪತ್ರ ಬರೆದೆ: 'ತಾಂತ್ರಿಕ ದೋಷವಿರಲಿಲ್ಲ. ಹನೀನ್ ಮನೆಯವರ ಬಗ್ಗೆ ಮಾತಾಡುತ್ತಿದ್ದಾಗ ನಾನು ಅವಳ ಧ್ವನಿ ನಿಲ್ಲಿಸಿದೆ. ಮೊದಲ ಪತ್ರದಲ್ಲಿ ಸುಳ್ಳು ಬರೆದೆ.' ಕಳಿಸುವ ಮೊದಲು ರೊಹಾನಿಗೆ ತೋರಿಸಿದೆ. "ಇದು ಬೇಕಾ ಶೈಲಾ? ಅವಳ ಕೆಲಸ ಆಯ್ತಲ್ಲ ಲಾ," ಎಂದರು. ನಿಜ, ಅವಳ ಕೆಲಸ ಆಗಿತ್ತು. ಆದರೂ ಕಳಿಸಿದೆ.

ಮುಖ್ಯಸ್ಥರು ಕರೆದು ಅರ್ಧ ಗಂಟೆ ಮಾತಾಡಿದರು. ಎರಡು ವರ್ಷ ಎಂದಿದ್ದ ಒಪ್ಪಂದ ಒಂದು ವರ್ಷಕ್ಕಿಳಿಯಿತು. ಹನೀನ್ ಉಳಿದ ತರಗತಿಗಳಿಗೆಲ್ಲ ತಪ್ಪದೆ ಬಂದಳು. ನಾನು ಕೇಳಿದ ಪ್ರಶ್ನೆಗೆ ಉತ್ತರ ಹೇಳುತ್ತಿದ್ದಳು. ತಾನಾಗಿ ಒಂದು ಮಾತೂ ಆಡಲಿಲ್ಲ. ನಿನಗೆ ಬೇಕಾದಷ್ಟು ಸಮಯ ಕೊಡುತ್ತೇನೆ, ಅಂದು ನಿಂತದ್ದನ್ನು ಮುಂದುವರಿಸು ಎಂದು ಒಮ್ಮೆ ಕೇಳಿಕೊಂಡೆ. "ಬೇಡ ಮಿಸ್," ಎಂದಳು. "ಅದು ಆ ದಿನದ್ದು."

ಮರುವರ್ಷ ವಿಮಾನಗಳು ಶುರುವಾದಾಗ ಉಡುಪಿಗೆ ಹೋದೆ. ಹಳೆಯ ಕಾಲೇಜಿನ ಸ್ಟಾಫ್‌ರೂಮಿನಲ್ಲಿ ಗೆಳತಿ ವಸಂತಿ ಚಹಾ ತರಿಸಿದಳು. "ಗಾಜಾ ವಿಷಯದಲ್ಲಿ ನಿಮ್ಮ ಮಲೇಷ್ಯಾದವ್ರೆಲ್ಲ ಒಂದೇ ಕಡೆ ಅಂತಲ್ಲ ಮಾರಾಯ್ತಿ?" ಎಂದಳು. 'ನಿಮ್ಮ' ಎಂಬ ಮಾತು ಚುಚ್ಚಿತು. ಉತ್ತರವಾಗಿ ಹನೀನಳ ಕಥೆ ಹೇಳಿದೆ: ಸಭೆ, ಎರಡು ನಿಮಿಷ, ನಾನು ಧ್ವನಿ ನಿಲ್ಲಿಸಿದ್ದು, ತಪ್ಪೊಪ್ಪಿ ಪತ್ರ ಬರೆದದ್ದು.

"ಒಪ್ಪಿಕೊಂಡ್ಯಲ್ಲ, ಯಾರು ಮಾಡ್ತಾರೆ ಅಷ್ಟು!" ಎಂದು ವಸಂತಿ ಕೈ ಹಿಡಿದಳು. ಉಳಿದವರೂ ತಲೆದೂಗಿದರು. ಆ ಕೋಣೆ, ಆ ಭಾಷೆ, ಆ ಮುಖಗಳು, ಎಲ್ಲ ನನ್ನವೇ. ಅವರ ಮೆಚ್ಚುಗೆಯನ್ನು ಚಹಾದ ಜೊತೆ ಕುಡಿದೆ. ಮೊದಲ ಪತ್ರದ ಸುದ್ದಿ ಎತ್ತಲಿಲ್ಲ.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಅಂದು ಆ ಕೋಣೆಯಲ್ಲಿದ್ದವರೂ ಓದಲಿ. ಪೆಟಾಲಿಂಗ್ ಜಯಾಕ್ಕೆ ಮರಳಿದ ವಾರ ಹನೀನ್ ಕಾಲೇಜಿನ ಮೆಟ್ಟಿಲಲ್ಲಿ ಎದುರಾದಳು. "ಊರಲ್ಲಿ ಎಲ್ಲ ಚೆನ್ನಾಗಿದ್ದಾರಾ ಮಿಸ್?" ಎಂದು ಕೇಳಿದಳು. ಹೌದು ಎಂದೆ. ಊರಿನಲ್ಲಿ ನನ್ನನ್ನು ಒಳ್ಳೆಯವಳೆಂದು ತಿಳಿದವರಿದ್ದಾರೆ. ಈ ಪರದೇಶದಲ್ಲಿ, ಇಲ್ಲಿನವಳೂ ಅಲ್ಲದ ಈ ಹುಡುಗಿಗೆ ನಾನು ಎಂಥವಳೆಂದು ಪೂರ್ತಿ ಗೊತ್ತು. ಅವಳು ನಕ್ಕು ಮೇಲೆ ಹೋದಳು. ನಾನು ಕೆಳಗಿಳಿದೆ.