ಅಪ್ಪ ಮೊದಲು ದಾಟಿದ ದಾರಿ

ನಾನು ಚಿಕ್ಕವನಿದ್ದಾಗ ಒಮಾನಿನ ಸಹಮ್‌ನಲ್ಲಿ ನಮ್ಮ ಮನೆಯ ಸುತ್ತ ನೋಡನೋಡುತ್ತಲೇ ಹೊಸ ಓಣಿಗಳು ಹುಟ್ಟುತ್ತಿದ್ದವು. ಇವತ್ತು ಬಯಲಿದ್ದಲ್ಲಿ ನಾಳೆ ಅಂಗಡಿ, ನಾಡಿದ್ದು ಮನೆಗಳ ಸಾಲು. ಧಾರವಾಡದಿಂದ ಬಂದಿದ್ದ ಅಪ್ಪ ಅಲ್ಲಿಯ ರಸ್ತೆಗಳ ದುರಸ್ತಿ ನೋಡಿಕೊಳ್ಳುವ ಎಂಜಿನಿಯರ್. ಸಂಜೆ ಮನೆಗೆ ಬಂದಾಗ ಅವರ ಅಂಗಿಯಿಂದ ಬಿಸಿ ಡಾಂಬರಿನ ವಾಸನೆ ಬರುತ್ತಿತ್ತು. ನನಗೆ ಆ ವಾಸನೆ ಎಂದರೆ ಪಂಚಪ್ರಾಣ.

ಒಂದು ದಿನ ಮಧ್ಯಾಹ್ನ ಅಕ್ಕನಿಗೆ ಪಕ್ಕದ ಊರು ಸೊಹಾರಿನ ಶಾಲೆಯಲ್ಲಿ ಪ್ರವೇಶ ಪರೀಕ್ಷೆ ಇತ್ತು. ಅಲ್ಲಿ ಸೀಟು ಸಿಗದಿದ್ದರೆ ಅವಳನ್ನು ಧಾರವಾಡದ ಹಾಸ್ಟೆಲಿಗೆ ಕಳಿಸುವುದೆಂದು ತೀರ್ಮಾನವಾಗಿತ್ತು. ಅಕ್ಕ ಇಲ್ಲದ ಮನೆಯನ್ನು ನೆನೆದರೆ ನನಗೆ ಅನ್ನವೇ ಇಳಿಯುತ್ತಿರಲಿಲ್ಲ. ಬೆಳಿಗ್ಗೆ ಅಪ್ಪನ ಪಿಕಪ್‌ನಲ್ಲಿ ಮೂವರೂ ಹೊರಟೆವು.

ದಾರಿಯಲ್ಲಿ ಒಂದು ವಾದಿ ಇತ್ತು. ವಾದಿ ಎಂದರೆ ವರ್ಷವೆಲ್ಲ ಒಣಗಿ, ಬರೀ ಕಲ್ಲು ತುಂಬಿಕೊಂಡು ಬಿದ್ದಿರುವ ಹಳ್ಳ. ಆಗ ಸೇತುವೆ ಇರಲಿಲ್ಲ, ರಸ್ತೆ ಹಳ್ಳದೊಳಗೇ ಇಳಿದು ಹತ್ತುತ್ತಿತ್ತು. ಅಪ್ಪ ದಂಡೆಯಲ್ಲೇ ಗಾಡಿ ನಿಲ್ಲಿಸಿ ದೂರದ ಬೆಟ್ಟಗಳ ಮೇಲಿನ ಕಪ್ಪು ಮೋಡವನ್ನು ನೋಡಿದರು. "ನೀರು ಬರ್ಲಿಕ್ಕತ್ತದ," ಎಂದರು. ನಮ್ಮ ತಲೆಯ ಮೇಲೆ ಸುಡುಬಿಸಿಲು. ನನಗೆ ನಗು ಬಂತು.

ನಗು ಮುಗಿಯುವ ಮೊದಲೇ ನೆಲ ಗುಡುಗಿತು. ಒಂದು ಹನಿ ಮಳೆ ಬೀಳದ ಆ ಹಳ್ಳದಲ್ಲಿ ಕೆಂಪು ನೀರು ಗೋಡೆಯಂತೆ ಎದ್ದು ಬಂತು. ಖರ್ಜೂರದ ಮರಗಳು ಬೇರುಸಹಿತ ತೇಲಿದವು. ಕಲ್ಲಿಗೆ ಕಲ್ಲು ಬಡಿಯುವ ಸದ್ದು ಎದೆಯೊಳಗೇ ಕೇಳುತ್ತಿತ್ತು. ನಾನು ಬಾಯಿ ಬಿಟ್ಟುಕೊಂಡು ನಿಂತೆ. ಅಂಥದ್ದನ್ನು ಆಮೇಲೆಂದೂ ನಾನು ಕಂಡಿಲ್ಲ. ಅಕ್ಕ ಮಾತ್ರ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು.

ನೀರು ಇಳಿದಾಗ ಡಾಂಬರು ರಸ್ತೆ ಇದ್ದ ಹಾಗೇ ಕಾಣಿಸಿತು. ಹಿಂದೆ ನಿಂತಿದ್ದ ಗಾಡಿಗಳವರು "ಯಲ್ಲಾ! ಯಲ್ಲಾ!" ಎಂದು ಅವಸರಪಡಿಸುತ್ತಾ ಹಾರ್ನ್ ಬಾರಿಸಿದರು. "ಅಪ್ಪಾ, ರಸ್ತೆ ಛಲೋ ಅದ. ಪರೀಕ್ಷಾ ತಪ್ತದ, ಹೋಗೋಣಪಾ," ಎಂದು ಅಕ್ಕ ಗೋಗರೆದಳು. ಅಪ್ಪ ಪಿಕಪ್‌ನಲ್ಲಿದ್ದ ಸಲಾಕೆ ಹಿಡಿದು ರಸ್ತೆಯನ್ನು ಕುಟ್ಟುತ್ತಾ ನಡೆದರು. ಒಂದು ಕಡೆ ಖಾಲಿ ಡಬ್ಬ ಬಡಿದಂತೆ ಕೇಳಿಸಿತು. ಇನ್ನೊಮ್ಮೆ ಕುಟ್ಟಿದಾಗ ಚಾಪೆಯಷ್ಟು ಡಾಂಬರು ಕುಸಿದು ಬಿತ್ತು. ಅಡಿಯ ಮಣ್ಣನ್ನೆಲ್ಲ ನೀರು ಕೊಚ್ಚಿಕೊಂಡು ಹೋಗಿತ್ತು. ಹಾರ್ನುಗಳು ತೆಪ್ಪಗಾದವು.

ಅಪ್ಪ ಹತ್ತಿರದ ಕಾಮಗಾರಿಯಿಂದ ಗ್ರೇಡರ್ ತರಿಸಿದರು. ಹೊಟ್ಟೆಯ ಕೆಳಗೆ ಉದ್ದನೆಯ ಅಲಗಿರುವ ಆ ಹಳದಿ ಯಂತ್ರ ಕಲ್ಲುಗಳನ್ನು ಬದಿಗೊತ್ತುತ್ತಾ ಹಳ್ಳದಲ್ಲೇ ಬೇರೆ ದಾರಿ ಬಿಡಿಸಿತು. ನನ್ನ ಕಣ್ಣೆದುರೇ ದಾರಿಯೊಂದು ಹುಟ್ಟಿತು! "ಖಲಾಸ್, ಸಾಬ್," ಎಂದ ಚಾಲಕ. ಎಲ್ಲರೂ ನುಗ್ಗಲು ಹೊರಟಾಗ ಅಪ್ಪ ಕೈ ಅಡ್ಡ ಹಿಡಿದರು. ಪಿಕಪ್ ಹತ್ತಿ ಕುಳಿತಿದ್ದ ನಮ್ಮ ಕಡೆ ತಿರುಗಿ, "ನೀವಿಬ್ರೂ ಇಳೀರಿ. ದಾರಿ ಮಾಡಿಸಿದಾಂವ ನಾನು, ಮೊದಲ ನಾ ಒಬ್ಬನ ದಾಟ್ತೀನಿ," ಎಂದರು.

"ಪರೀಕ್ಷಾ ಬ್ಯಾಡಪಾ, ಹೋಗಬ್ಯಾಡ!" ಎಂದು ಅಕ್ಕ ಕಿರುಚಿದಳು. ಪಿಕಪ್ ಹಸಿಮಣ್ಣಿನಲ್ಲಿ ವಾಲುತ್ತಾ ಇಳಿಯಿತು. ಅಕ್ಕನ ಉಗುರುಗಳು ನನ್ನ ಅಂಗೈಗೆ ಚುಚ್ಚುತ್ತಿದ್ದವು. ನನಗೆ ಭಯ, ಅದಕ್ಕಿಂತ ಹೆಚ್ಚು ಬೆರಗು. ಅಪ್ಪ ಆಚೆ ದಂಡೆ ಹತ್ತಿದರು. ಆಮೇಲೆ ನಡೆದುಕೊಂಡೇ ಹಿಂದಕ್ಕೆ ಬಂದು, ನಮ್ಮ ಕೈ ಹಿಡಿದು ದಾಟಿಸಿದರು. ಅವರ ಅಂಗೈ ಒದ್ದೆಯಾಗಿತ್ತು. ಅಕ್ಕ ಪರೀಕ್ಷೆ ಬರೆದಳು, ಸೀಟೂ ಸಿಕ್ಕಿತು, ನಮ್ಮ ಜೊತೆಯಲ್ಲೇ ಉಳಿದಳು.

ಮಕ್ಕಳೇ, ಈಗ ಅಲ್ಲಿ ಸೇತುವೆಯಿದೆ. ತಂಪು ಕಾರಿನಲ್ಲಿ ಕುಳಿತ ನಿಮಗೆ ಕೆಳಗೊಂದು ವಾದಿ ಇದೆಯೆಂಬುದೂ ಗೊತ್ತಾಗುವುದಿಲ್ಲ. ಮೊನ್ನೆ ಒಮಾನಿನ ಖುರುಮ್‌ನಲ್ಲಿ ರಸ್ತೆ ದುರಸ್ತಿಗೆಂದು ನಮ್ಮ ಕಾರನ್ನು ನಿಲ್ಲಿಸಿದಾಗ, "ಸೋ ಬೋರಿಂಗ್, ಅಜ್ಜಾ!" ಎಂದು ಮುಖ ಊದಿಸಿಕೊಂಡಿರಿ. ನನಗೆ ಬೇಜಾರಾಗಲಿಲ್ಲ. ಬಿಸಿಲಲ್ಲಿ ಕೆಂಪು ಬಾವುಟ ಹಿಡಿದು ನಿಂತಿದ್ದಾತ ಯಾವ ಮಕ್ಕಳ ಅಪ್ಪನೋ ಎಂದು ನೋಡುತ್ತಾ ಕುಳಿತಿದ್ದೆ.