ಲೀಲಕ್ಕನ ಸ್ಟೀಲ್ ಬಟ್ಟಲು

ನೈಲಾನ್ ಸೀರೆಯ ಕೆಳಗೆ ಪಾಲಿಷ್ ಹಚ್ಚಿದ ಕಪ್ಪು ಬೂಟು. ಲೀಲಕ್ಕ ಮೆಟ್ಟಿಲಿಳಿದರೆ ಮುಂಬಯಿಯ ಸಾಂತಾಕ್ರೂಜಿನ ನಮ್ಮ ಬಿಲ್ಡಿಂಗಿನ ಮೂರು ಮಹಡಿಗೂ ಗೊತ್ತಾಗುತ್ತಿತ್ತು. ಮಂಗಳೂರಿನವರು, ಮದುವೆಯಾಗಿರಲಿಲ್ಲ; ಸೈನ್ಯದಲ್ಲಿ ನರ್ಸ್ ಆಗಿದ್ದು ಮೇಜರ್ ಎನಿಸಿ ನಿವೃತ್ತರಾದವರು. ಹಾಲಿನವನು ಕೂಡ ಅವರ ಬಾಗಿಲಲ್ಲಿ ನೆಟ್ಟಗೆ ನಿಲ್ಲುತ್ತಿದ್ದ.

ಅವರ ಚಿಂತೆಯೆಲ್ಲ ಉಪನಗರಗಳಲ್ಲಿ ಚದುರಿಹೋಗಿದ್ದ ನಿವೃತ್ತ ಸೇನಾ ನರ್ಸುಗಳದು. ಒಬ್ಬ ಗೆಳತಿ ಎದೆಯ ಗಂಟನ್ನು ಮುಚ್ಚಿಟ್ಟುಕೊಂಡೇ ತೀರಿಹೋಗಿದ್ದರು. ಸೇನಾ ಆಸ್ಪತ್ರೆ ಊರಿನ ಆ ತುದಿಯಲ್ಲಿ. ಲೋಕಲ್ ರೈಲು ಹಿಡಿದು, ಮತ್ತೆ ಬಸ್ಸು. ಜೀವಮಾನವಿಡೀ ಬೇರೆಯವರನ್ನು ನೋಡಿಕೊಂಡವರು ತಮಗಾಗಿ ಅಷ್ಟು ದೂರ ಹೋಗುತ್ತಿರಲಿಲ್ಲ.

"ಅವರು ಹೋಗುದಿಲ್ಲ ಅಲ್ವಾ, ಆಸ್ಪತ್ರೆಯೇ ಬರ್ಲಿ" ಎಂದರು ಲೀಲಕ್ಕ.

ಬಂದದ್ದು ಹಳದಿ-ಕುಂಕುಮದ ವೇಷದಲ್ಲಿ. ಸಂಕ್ರಾಂತಿಯ ನಂತರ ಮುಂಬಯಿಯ ಮನೆಮನೆಯಲ್ಲಿ ನಡೆಯುವ ಈ ಕೂಟಕ್ಕೆ ಮದುವೆಯಾಗದವರನ್ನು, ವಿಧವೆಯರನ್ನು ಯಾರೂ ಕರೆಯುತ್ತಿರಲಿಲ್ಲ. ಲೀಲಕ್ಕ ಕರೆದದ್ದು ಅಂಥ ನರ್ಸುಗಳನ್ನೇ. ಹೊರಗೆ ಎಳ್ಳುಂಡೆ, ಒಳಕೋಣೆಯಲ್ಲಿ ಸೇನಾ ಆಸ್ಪತ್ರೆಯ ಲೇಡಿ ಡಾಕ್ಟರು. ಉಡುಗೊರೆಯ ಸ್ಟೀಲ್ ಬಟ್ಟಲು, ಎದೆ ಪರೀಕ್ಷೆ ಮಾಡಿಸಿಕೊಂಡು ಬಂದವರಿಗೆ ಮಾತ್ರ. ಹಂಚುವ ಕೆಲಸ ಕೆಳಮನೆಯ ನನ್ನದು. ಮೊದಲು ಎಲ್ಲರೂ ಗೊಣಗಿದರು; ಪಕ್ಕದವಳ ಕೈಯಲ್ಲಿ ಬಟ್ಟಲು ಕಂಡದ್ದೇ ಸಾಲು ನಿಂತರು.

ಕೊನೆಗೆ ಒಂದು ಉಳಿಯಿತು. "ಇದು ನಿಮ್ದಲ್ವಾ ಲೀಲಕ್ಕ?" ಎಂದೆ.

"ನಂಗೆ ಎಂತ ಆಗಿದೆ ಮಾರಾಯ್ತಿ?" ಎನ್ನುತ್ತಾ ಎಡಗಡೆಯ ಸೆರಗನ್ನು ಎರಡು ಸಲ ಸರಿಮಾಡಿಕೊಂಡರು.

ಓದಿದ ಕಾನ್ವೆಂಟಿನಿಂದ ನನಗೆ ಉಳಿದದ್ದೆಂದರೆ ಅಲ್ಲಿಯ ಹಿರಿಯ ಸನ್ಯಾಸಿನಿ ಮದರ್ ಸುಪೀರಿಯರ್ ಅವರ ದನಿ. ಅದನ್ನೇ ತೆಗೆದು, "ಮೇಜರ್, ಒಳಗೆ" ಎಂದೆ. ಅವರು ಹೂಂ ಎನ್ನುವ ಮೊದಲೇ ಬೂಟು ನಡೆಯಿತು.

ಬಾಗಿಲು ಬಹಳ ಹೊತ್ತು ತೆರೆಯಲಿಲ್ಲ. ಗಂಟಿತ್ತು, ಸಣ್ಣದು. ಕೆಲವೇ ದಿನಗಳಲ್ಲಿ ಆಪರೇಷನ್ ಆಯಿತು.

ಇನ್ನೆರಡು ಸಂಕ್ರಾಂತಿ ಮಾಡಿಸಿ, ತಂಗಿಯ ಮನೆಗೆಂದು ಮಂಗಳೂರು ಬಸ್ ಹತ್ತಿದರು. ಕಿಟಕಿಯಿಂದ ಬಗ್ಗಿ ಹೇಳಿದರು: "ಡಾಕ್ಟರನ್ನು ಕೇಳಿದೆ. ನೀನು ಒಂದು ಸಲವೂ ಒಳಗೆ ಹೋಗ್ಲಿಲ್ಲ. ಹಂಚುವಾಗ ವರ್ಷಕ್ಕೊಂದು ಇಟ್ಟುಕೊಂಡು ನಿನ್ನ ಅಡುಗೆಮನೆಯಲ್ಲಿ ಮೂರು ಬಟ್ಟಲು ಉಂಟು, ಒಂದೂ ನಿನ್ನದಲ್ಲ. ನಾಳೆ ಹತ್ತಕ್ಕೆ ಆಸ್ಪತ್ರೆಯಲ್ಲಿ ಅವರು ಕಾಯ್ತಾರೆ." ವಾದಿಸಲು ಬಾಯಿ ತೆರೆದೆ, ಬಸ್ಸು ಹೊರಟಿತ್ತು.

ಹೋಗಿಬಂದು ಬರೆದೆ. ಕಾರ್ಡು ಬಂತು: "ಒಂದು ಬಟ್ಟಲು ಪಾಸ್. ಎರಡು ಬಾಕಿ." ಮರುವರ್ಷವೂ ಹೋಗಿಬಂದು ಬರೆದೆ. ಈ ಸಲ ಉತ್ತರಿಸಿದವರು ತಂಗಿ. ಲೀಲಕ್ಕ ನಿದ್ದೆಯಲ್ಲೇ ಹೋದರಂತೆ.

ಮೂರನೆಯ ಬಟ್ಟಲಿಗೆ ಹೋಗೆಂದು ಯಾರೂ ಹೇಳಲಿಲ್ಲ. ಹೋದೆ, ಹತ್ತಕ್ಕೆ ಐದು ನಿಮಿಷ ಮೊದಲೇ.